ನಾದಿನಿಯ ಕಾಲು, ನನ್ನ ಬೆನ್ನು

ಫೆಬ್ರವರಿ 6, ಬೆಳಗ್ಗೆ

ಮಂಚದಿಂದ ಇಳಿಯುವ ಕಸರತ್ತು ಮುಗಿಯಿತು. ಮೊದಲು ಮಗ್ಗುಲಾಗುವುದು, ಆಮೇಲೆ ಮೊಣಕೈ, ಆಮೇಲೆ ಕಾಲು, ಕೊನೆಗೆ ನಾನು. ಬೆನ್ನು ಇನ್ನೂ ಹಲಗೆ. ಬಗ್ಗಿ ಚಪ್ಪಲಿ ಹುಡುಕುವ ಹಾಗಿಲ್ಲ, ಕಾಲಲ್ಲೇ ತಡಕಾಡಿದೆ. ಅಡುಗೆಮನೆಯಿಂದ ಅತ್ತೆಯ ದನಿ — "ಮಹಾರಾಣಿಗೆ ಬೆಳಗಾಯ್ತಾ?"

ಡಾಕ್ಟರ್ ಕೊಟ್ಟ ಹೆಸರು ಉದ್ದ. ಬೆನ್ನುಮೂಳೆಯ ಉರಿಯೂತ ಎಂದು ಬಿಡಿಸಿ ಹೇಳಿದ್ದರು. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಮಲಗಿದಷ್ಟೂ ಬಿಗಿ, ಆಡಿದಷ್ಟೂ ಸಡಿಲ. ಬ್ಯಾಡ್ಮಿಂಟನ್ ಬಿಡಲೇಬೇಡಿ ಎಂದರು. ಮನೆಯಲ್ಲಿ ಇದನ್ನು ಹೇಳಿ ಹೇಳಿ ಬಾಯಿ ಒಣಗಿದೆ. ಅವರ ಲೆಕ್ಕ ಸರಳ — ಬೆಳಗ್ಗೆ ಏಳಲಾರಳು, ಸಂಜೆ ಕೋರ್ಟಿನಲ್ಲಿ ಹಾರಾಡುತ್ತಾಳೆ. ಕೆಲಸಕ್ಕೆ ಮಾತ್ರ ಬೆನ್ನುನೋವು.

ಫೆಬ್ರವರಿ 9

ನಾದಿನಿ ನಿನ್ನೆ ಪ್ರಾಕ್ಟೀಸ್‌ನಲ್ಲಿ ಕಾಲು ತಿರುಚಿ ಬಿದ್ದಳು. ಡಬಲ್ಸ್‌ನಲ್ಲಿ ನನ್ನ ಜೋಡಿ ಅವಳೇ. ಪಾದದಲ್ಲಿ ಕೂದಲೆಳೆಯಷ್ಟು ಬಿರುಕಂತೆ. ಮೊಣಕಾಲಿನ ತನಕ ಪ್ಲಾಸ್ಟರ್. ಇವರು ತಂಗಿಯನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದರು. ನನ್ನನ್ನು ಮದುವೆಯ ದಿನವೂ ಎತ್ತಿದವರಲ್ಲ.

ಪಾಪ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳು. ಆದರೆ ಮೊದಲು ಅನ್ನಿಸಿದ್ದು ಅದಲ್ಲ. ಆ ಪ್ಲಾಸ್ಟರ್ ಎಷ್ಟು ಬೆಳ್ಳಗಿದೆ, ಎಷ್ಟು ದಪ್ಪಗಿದೆ, ರಸ್ತೆಯ ಆಚೆಯಿಂದಲೇ ಕಾಣುತ್ತದಲ್ಲ... ನನಗೂ ಒಂದು ಬೇಕು ಅನ್ನಿಸಿತು.

ಫೆಬ್ರವರಿ 15

ಕ್ಲಬ್ಬಿನವರೆಲ್ಲ ಬಂದಿದ್ದರು. ಪ್ಲಾಸ್ಟರ್ ಮೇಲೆ ಸಹಿ, ಹೂವು, ನಗುವ ಮುಖ. ಸೆಕ್ರೆಟರಿಯೂ ಬಂದರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತದೆ, ನಾವು ಕರೆಯುವುದೂ ಸೀಟಿ ಎಂದೇ. "ನೀನು ಆರಾಮಾಗಿರು ತಾಯಿ, ಟೂರ್ನಮೆಂಟ್ ಇರೋದು ಏಪ್ರಿಲ್‌ಗೆ" ಎಂದು ಅವಳಿಗೆ. ನನ್ನ ಕಡೆ ತಿರುಗಿ, "ನೀವು ಮಾತ್ರ ಬೆಳಗಿನ ಪ್ರಾಕ್ಟೀಸ್ ತಪ್ಪಿಸ್ಕೋಬೇಡಿ."

ನಮ್ಮ ಪಂದ್ಯ ಸಂಜೆಗೆ ಹಾಕಿ ಎಂದು ಮೂರು ವರ್ಷದಿಂದ ಸೀಟಿಯ ಹಿಂದೆ ಬಿದ್ದಿದ್ದೇನೆ. ಪ್ರತಿ ಸಲವೂ ಬೆಳಗ್ಗೆಯೇ. ಪ್ರತಿ ಸಲವೂ ಸೆಮಿಫೈನಲ್‌ನಲ್ಲಿ ಸೋಲು. ನೆಟ್ ಹತ್ತಿರ ಬೀಳುವ ಶಟಲ್‌ಗೆ ನಾನು ಬಗ್ಗಲಾರೆ, ಬೇರೆ ಕಾರಣವಿಲ್ಲ. ನಾದಿನಿ ಇದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಅದಕ್ಕೂ ಹೊಟ್ಟೆ ಉರಿಯುತ್ತದೆ. ಇಷ್ಟೊಂದು ಒಳ್ಳೆಯವಳಾಗಬೇಕಾ?

ಎಲ್ಲ ಹೋದ ಮೇಲೆ ನನ್ನ ಕೈಗೂ ಪೆನ್ನು ಕೊಟ್ಟಳು. "ಅತ್ತಿಗೆ, ನಿಂದೊಂದು ಸಹಿ." ಸ್ಟೂಲ್ ಎಳೆದುಕೊಂಡು ಕೂತೆ. ಹಿಮ್ಮಡಿಯ ಹತ್ತಿರ, ಯಾರ ಕಣ್ಣಿಗೂ ಬೀಳದ ಕಡೆ ಹಾಕಿದೆ.

ಫೆಬ್ರವರಿ 22

ಇಂಜೆಕ್ಷನ್ ದಿನ. ಬಾತ್‌ರೂಮಿನಲ್ಲಿ ನಿಂತು ಹೊಟ್ಟೆಗೆ ನಾನೇ ಚುಚ್ಚಿಕೊಂಡೆ. ಹೊರಗೆ ಬಂದರೆ ಅತ್ತೆ, "ಇಷ್ಟು ಹೊತ್ತು ಒಳಗೇನು ಮಾಡ್ತಿದ್ದೆ? ಅವಳು ಪಾಪ ಕಾಯ್ತಾ ಇದ್ದಾಳೆ." ಆಮೇಲೆ ಮಗಳ ಕಾಲ್ಬೆರಳುಗಳಿಗೆ ಎಣ್ಣೆ ಸವರುತ್ತ ಕೂತರು. ಒಂದೊಂದೇ ಬೆರಳು.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ತಿರುಪು ಕೆಳಗೆ ಬಿತ್ತು. ನಾನು ಬಗ್ಗಲಿಲ್ಲ. ಮಾಲೀಕರೇ ಬಗ್ಗಿ ಹುಡುಕಿದರು. "ಕೂತು ಮಾಡೋ ಕೆಲಸಕ್ಕೂ ಸುಸ್ತೇನಮ್ಮ?" ನನಗೂ ಪ್ಲಾಸ್ಟರ್ ಇದೆ ಸಾರ್, ಒಳಗಡೆಯಿಂದ ಹಾಕಿದ್ದಾರೆ — ನಾಲಿಗೆಯ ತುದಿಗೆ ಬಂದಿತ್ತು.

ಮಾರ್ಚ್ 17

ಪ್ಲಾಸ್ಟರ್ ತೆಗೆದರು. ಒಳಗೊಳಗೇ ಖುಷಿ — ಇನ್ನು ಇಬ್ಬರೂ ಒಂದೇ, ಇಬ್ಬರದೂ ಕಾಣುವುದಿಲ್ಲ. ಎಲ್ಲಿ! ಸಂಜೆಗಾಗಲೇ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದಾಳೆ. ದರ್ಬಾರು ಮುಗಿಯಲಿಲ್ಲ.

ಏಪ್ರಿಲ್ 18

ಮೈಯೆಲ್ಲ ಉರಿ. ಇಲ್ಲಿ ಕಾರಿಕೊಳ್ಳದಿದ್ದರೆ ಯಾರಿಗಾದರೂ ಏನಾದರೂ ಅಂದುಬಿಡುತ್ತೇನೆ.

ಕ್ಲಬ್ಬಿನಲ್ಲಿ ಪಂದ್ಯಗಳ ಸಮಯ ಗೊತ್ತುಮಾಡುತ್ತಿದ್ದರು. ನಾದಿನಿ ಕುಂಟುತ್ತ ಸೀಟಿಯ ಮುಂದೆ ಹೋಗಿ ನಿಂತಳು. "ಬೆಳಗ್ಗೆ ಹೊತ್ತು ಬಗ್ಗೋಕೇ ಆಗಲ್ಲ ಸರ್. ಬಿಗಿದುಕೊಂಡಿರುತ್ತೆ. ಮಧ್ಯಾಹ್ನದ ಮೇಲೆ ತಾನಾಗೇ ಸಡಿಲ ಆಗುತ್ತೆ."

ನನ್ನ ಮಾತು! ಒಂದಕ್ಷರ ಬಿಡದೆ ನನ್ನ ಮಾತು. ಸೀಟಿ ಒಮ್ಮೆ ಬ್ಯಾಂಡೇಜ್ ನೋಡಿದರು. "ಅಯ್ಯೋ, ಅದಕ್ಕೇನಂತೆ? ಸಂಜೆಗೇ ಹಾಕ್ತೀನಿ ಬಿಡು." ಅಷ್ಟೇ. ಮುಗಿಯಿತು. ನಾನು ಮೂರು ವರ್ಷ ಗಂಟಲು ಹರಿದುಕೊಂಡದ್ದು ಏತಕ್ಕೆ?

ಮನೆಗೆ ಬರುವಾಗ ಅವಳ ಬ್ಯಾಗನ್ನು ಹಿಡಿದುಕೊಳ್ಳಲಿಲ್ಲ.

ಏಪ್ರಿಲ್ 20, ಶನಿವಾರ, ಸಂಜೆ

ಸೆಮಿಫೈನಲ್ ಗೆದ್ದೆವು. ಫೈನಲ್! ನೆಟ್ ಹತ್ತಿರದ್ದೆಲ್ಲ ನಾನೇ ತೆಗೆದೆ. ಕೊನೆಯ ಪಾಯಿಂಟಿಗೆ ನೆಲ ಸವರುವಷ್ಟು ಬಗ್ಗಿದೆ. ಬೆನ್ನು ಬೆಣ್ಣೆಯ ಹಾಗಿತ್ತು.

ಮನೆಗೆ ಬಂದ ಕೂಡಲೇ ನಾದಿನಿ ಬ್ಯಾಂಡೇಜ್ ಕಿತ್ತೆಸೆದು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ನಾನು ಹಿಂದೆಯೇ ಇದ್ದದ್ದು ನೋಡಿರಲಿಲ್ಲ.

"ಕಾಲು ಯಾವಾಗ ಸರಿಹೋಯ್ತು?"

ಸಿಕ್ಕಿಬಿದ್ದು ಹಲ್ಲು ಕಿರಿದಳು. "ಆಗಲೇ ಎಷ್ಟೋ ದಿನ ಆಯ್ತು."

"ಮತ್ತೆ ಈ ಬಟ್ಟೆ?"

"ನಿನ್ನ ಬೆನ್ನು ಸೀಟಿಗೆ ಕಾಣಲ್ಲ ಅತ್ತಿಗೆ. ನನ್ನ ಕಾಲು ಕಾಣುತ್ತೆ. ನಾಳೆ ಫೈನಲ್ಲೂ ಸಂಜೆಗೇ ಹಾಕಿಸಿದ್ದೀನಿ. ಬಾಯಿ ಮುಚ್ಕೊಂಡು ಆಡು."

ತಬ್ಬಿಕೊಳ್ಳಬೇಕಿತ್ತು. ಒಳ್ಳೆಯ ಹೆಂಗಸಾಗಿದ್ದರೆ ತಬ್ಬಿಕೊಳ್ಳುತ್ತಿದ್ದಳು. ನನಗೆ ಬಂದದ್ದು ಸಿಟ್ಟು. ನೋವು ನನ್ನದು, ಸೂಜಿ ನನ್ನದು, ನಿದ್ದೆಗೆಟ್ಟದ್ದು ನಾನು. ಅಯ್ಯೋ ಪಾಪ ಮಾತ್ರ ಅವಳ ಕಾಲಿಗೆ! ಅವಳ ಮೇಲೆ ಪ್ರೀತಿಯೂ ಉಕ್ಕಿತು, ಉಕ್ಕಿತಲ್ಲ ಎಂದು ಇನ್ನಷ್ಟು ಸಿಟ್ಟು.

ಸೀಟಿಗೆ ಫೋನ್ ಮಾಡಿದೆ. "ಅವಳ ಕಾಲು ಸರಿಯಾಗಿದೆ ಸರ್. ಸಂಜೆ ಬೇಕಾಗಿರೋದು ನನಗೆ. ನನ್ನ ಬೆನ್ನಿಗೆ." ಕಾಯಿಲೆಯ ಉದ್ದ ಹೆಸರು, ಇಂಜೆಕ್ಷನ್, ಬೆಳಗಿನ ಕಸರತ್ತು, ಎಲ್ಲ ಒದರಿದೆ. ಆ ಕಡೆಯಿಂದ, "ಇವತ್ತು ನಿಮ್ಮ ಆಟ ನಾನೇ ನೋಡಿದೆನಲ್ಲಮ್ಮ. ಕಾಯಿಲೆ ಇರೋರು ಹಾಗೆ ಆಡ್ತಾರಾ? ಕಾಲು ಸರಿಯಿದ್ರೆ ಬೆಳಗ್ಗೆ ಎಂಟಕ್ಕೇ ಬನ್ನಿ."

ನಾದಿನಿ ತಲೆಯ ಮೇಲೆ ಕೈಹೊತ್ತು ಕೂತಳು. "ನಿಂಗೇನು ತಲೆ ಕೆಟ್ಟಿದೆಯಾ? ಕೈಗೆ ಬಂದಿತ್ತಲ್ಲ!"

ಕೆಟ್ಟಿದೆ. ಎಂಟು ಗಂಟೆಗೆ ಈ ಬೆನ್ನು ಏನು ಮಾಡುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ.

ಏಪ್ರಿಲ್ 21, ಬೆಳಗ್ಗೆ

ನಸುಕಿಗೇ ಎದ್ದೆ. ಎದ್ದೆ ಎಂದರೆ — ಶುರುಮಾಡಿದೆ. ಮೊಣಕೈಯ ತನಕ ಬಂದಿದ್ದೆ, ಅತ್ತೆ ಒಳಗೆ ಬಂದು ದೀಪ ಹಾಕಿದರು. ಕೈಯಲ್ಲಿ ಎಣ್ಣೆಯ ಬಟ್ಟಲು. ಈ ಕಸರತ್ತನ್ನು ಕಟ್ಟಿಕೊಂಡ ಇವರೇ ನೋಡಿಲ್ಲ, ಪಕ್ಕದಲ್ಲೇ ಗೊರಕೆ. ಅತ್ತೆ ನೋಡಿದರು. ಪೂರ್ತಿ ನೋಡಿದರು.

"ಎಲ್ಲಿ ನೋವು? ತೋರಿಸು."

"ತೋರಿಸೋಕೆ ಏನೂ ಇಲ್ಲ ಅತ್ತೆ."

ಮಂಚದ ಅಂಚಿಗೆ ಕೂತರು. "ಹಾಗಾದ್ರೆ ಹೇಳು."

ಹೇಳಿದೆ.

ಅದೇ ದಿನ, ಹಾಲ್‌ನಲ್ಲಿ

ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಬಿಸಿನೀರು, ನಡಿಗೆ, ಅತ್ತೆಯ ಎಣ್ಣೆ... ಅರ್ಧ ಸಡಿಲ, ಅರ್ಧ ಹಲಗೆ. ಕೂರಬಾರದಿತ್ತು, ಮತ್ತೆ ಬಿಗಿಯುತ್ತಿದೆ. ಅತ್ತೆ ಮೊದಲ ಸಾಲಿನಲ್ಲಿ ಸೀಟಿಯನ್ನು ದುರುಗುಟ್ಟಿ ನೋಡುತ್ತಿದ್ದಾರೆ.

ನನ್ನ ಶೂ ಲೇಸ್ ನಾದಿನಿ ಕಟ್ಟಿದಳು. ನೆಲದ ಮೇಲೆ ಕೂತು, ಎಲ್ಲರ ಎದುರು. ಎದುರು ಜೋಡಿಯವರು ನೋಡಿದರು. ನೋಡಲಿ. ಎಷ್ಟು ಸಲೀಸಾಗಿ ಬಗ್ಗುತ್ತಾಳೆ ಇವಳು... ಈಗಲೂ ಹೊಟ್ಟೆಕಿಚ್ಚು. ಇದು ಹೋಗುವುದಲ್ಲ.

ಸೀಟಿ ಊದಿದರು. ಅವಳು ಆಗಲೇ ಎದ್ದು ಕೈ ಚಾಚಿ ನಿಂತಿದ್ದಾಳೆ. ಹಿಡಿಯಬಾರದು ಅಂದುಕೊಂಡಿದ್ದೆ. ಹಿಡಿಯುತ್ತೇನೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ...