ಕೆಂಪು ಹಡಗು ಬಂದರೆ ಬಿಡಬೇಡಿ

ವಾಸಣ್ಣಾ,

ನೀನು ಸತ್ತ ಮೇಲೂ ನಿನ್ನ ಪಡೆ ಕೊಲ್ಲುತ್ತಿದೆ. ಇದು ಅನ್ಯಾಯ. ಮೊನ್ನೆ ಭಾನುವಾರ ಅದು ಧಾನ್ಯ ಹೊತ್ತು ಹೊರಟಿದ್ದ ನನ್ನ ಕೆಂಪು ಹಡಗನ್ನು ಸುಟ್ಟುಹಾಕಿತು. ಬಾಹ್ಯಾಕಾಶವೆಂದರೆ ನಮಗೆ ಕಾಗದದ ಮೇಲಿನ ನಕ್ಷೆ, ಯುದ್ಧವೆಂದರೆ ಅಂಚೆಯಲ್ಲಿ ಆಡುವ ಆಟ, ನಿಜ. ಆದರೆ ಆ ಹಡಗಿನಲ್ಲಿ ಒಂದೂ ಆಯುಧವಿಲ್ಲವೆಂದು ನಿನಗೆ ಗೊತ್ತಿತ್ತಲ್ಲ?

ತೀರ್ಥಹಳ್ಳಿಯ ನಿನ್ನ ಪ್ರೆಸ್ಸಿಗೆ ನಾನು ಮೊದಲು ಬಂದದ್ದು ಕರಪತ್ರ ಅಚ್ಚು ಹಾಕಿಸಲು. ನೀನು ಅಚ್ಚಿನ ಮೊಳೆಗಳನ್ನೇ ಹಡಗುಗಳಂತೆ ಮೇಜಿನ ಮೇಲೆ ನಿಲ್ಲಿಸಿ ಆಟ ಕಲಿಸಿದೆ. ನೀನು ಅಲ್ಲಿಂದ, ನಾನು ಹೊಸನಗರದಿಂದ ಕಾರ್ಡಿನಲ್ಲಿ ಆಜ್ಞೆ ಬರೆಯುವುದು. ಸಾಗರದಲ್ಲಿ ಗಣಪತಿ ಮಾಸ್ತರು ಎರಡನ್ನೂ ಓದಿ, ದಾಳ ಹಾಕಿ, ಯಾರು ಉಳಿದರೆಂದು ತಿಳಿಸುವುದು. ನಿನ್ನ ಗಡಿಯಾಚೆಯ ಗ್ರಹದಲ್ಲಿ ಜನ ಹಸಿದಿದ್ದಾರೆ, ನಾನು ಅನ್ನವನ್ನೇ ಕಳಿಸುತ್ತೇನೆ ಎಂದಾಗ ನೀನು ನಕ್ಕೆ.

“ಎಂತ ಮಾರಾಯ್ತಿ, ನಿನ್ನ ಹಡಗಲ್ಲಿ ಗುಂಡಿಲ್ಲ, ಬರೀ ಕರಪತ್ರ!”

ಮಳೆಗಾಲದಲ್ಲಿ ಕಾರ್ಡು ತಡವಾಗುತ್ತದೆಂದು ನೀನು ಕಾಯಂ ಆಜ್ಞೆ ಕಂಡುಹಿಡಿದೆ. ಇಂಥದ್ದು ಬಂದರೆ ಹೀಗೆ ಮಾಡಿ ಎಂದು ಒಮ್ಮೆ ಬರೆದರೆ ಸಾಕು, ಮಾಸ್ತರು ಪ್ರತಿ ಸಲವೂ ಅದನ್ನೇ ನಡೆಸಬೇಕು. ನಾನು ಕೂಗಾಡಿದೆ. “ಸರ್ವಾಧಿಕಾರ ಅಂದ್ರೆ ಇದೇ ವಾಸಣ್ಣ! ಆಜ್ಞೆಗೆ ಕಣ್ಣಿಲ್ಲ. ಬರೆದವನು ಸತ್ರೂ ಅದು ಹೊಡೀತಾ ಇರ್ತದೆ.”

“ನಾನು ಸಾಯೋದು ಆಮೇಲೆ. ನೀನು ಮೊದ್ಲು ಪ್ರೂಫ್ ತಿದ್ದು.”

ತಿದ್ದದೆ ಎದ್ದು ಬಂದೆ. ಮತ್ತೆ ನಿನ್ನ ಪ್ರೆಸ್ಸಿನಿಂದ ಬಂದದ್ದು ನಿನ್ನ ಎದೆನೋವಿನ ಸುದ್ದಿ, ಆಮೇಲೆ...

ಹಡಗು ಸುಟ್ಟಿದ್ದು ತಿಳಿದ ದಿನವೇ ಸಾಗರಕ್ಕೆ ಹೋದೆ. ಮಾಸ್ತರು ನಿನ್ನ ಕೊನೆಯ ಕಾರ್ಡು ಮುಂದಿಟ್ಟರು, ಕಾಯಂ ಆಜ್ಞೆಯದು: ‘ಕೆಂಪು ಹಡಗು ಬಂದರೆ ಬಿಡಬೇಡಿ.’

“ಜಗಳ ಆಗಿತ್ತಲ್ಲನೇ ನಿಮ್ಮಿಬ್ರಿಗೆ? ಬಿಡಬೇಡಿ ಅಂತ ಬರ್ದಿದಾನೆ, ಬಿಡ್ಲಿಲ್ಲ. ನಾನೆಂತ ಮಾಡ್ಲಿ?”

ಅಷ್ಟು ಸಿಟ್ಟಿತ್ತಾ ನಿನಗೆ? ಹಡಗು ಹೋದರೆ ಹೋಗಲಿ. ನೀನು ನನ್ನ ಶತ್ರುವಾಗಿಯೇ ಸತ್ತೆಯಾ?

ವಾಪಸು ಬರುವಾಗ ಕಂಡಕ್ಟರ್ ಬಾಗಿಲು ಬಡಿದು “ಹೋಯ್, ಬಿಡಿ ಬಿಡಿ!” ಎಂದು ಕೂಗಿದ. ಬಸ್ಸು ಹೊರಟಿತು. ನಾನು ಬೆಚ್ಚಿ ಕೂತೆ. ನನ್ನೆದುರೇ ನೀನು ಬರೆಯುತ್ತಿದ್ದ ಕಾರ್ಡುಗಳಲ್ಲಿ ‘ಹೊಡೆಯಿರಿ’ ಎಂಬ ಮಾತು ಒಂದು ದಿನವೂ ಇರಲಿಲ್ಲ. ‘ಎಡಕ್ಕೆ ಬಿಡಿ’, ‘ಈಗಲೇ ಬಿಡಿ’ ಎಂದೇ ಬರೆಯುತ್ತಿದ್ದೆ. ಬಾಣ ಬಿಟ್ಟಂತೆ ರಾಕೆಟ್ ಬಿಡುವುದು. ಹಾಗಾದರೆ ನನ್ನ ಹಡಗು ಬಂದರೆ ರಾಕೆಟ್ ಬಿಡಬೇಡಿ ಎಂದೇ ನೀನು... ಅಥವಾ ನನಗೆ ಬೇಕಾದ್ದನ್ನು ನಾನು ಓದಿಕೊಳ್ಳುತ್ತಿದ್ದೇನಾ? ಜೀವಮಾನವಿಡೀ ಬೇರೆಯವರ ಪ್ರೂಫ್ ತಿದ್ದಿದವನು ಈ ಸಾಲಿಗೆ ಇನ್ನೊಂದು ಪದ ಸೇರಿಸಬಾರದಿತ್ತೇ?

ನಿನಗೆ ಗೊತ್ತಿಲ್ಲದ ಸುದ್ದಿ ಕೇಳು, ನಗಬೇಡ. ನಾನೂ ಒಂದು ಕಾಯಂ ಆಜ್ಞೆ ಬರೆದಿದ್ದೇನೆ: ‘ಕೆಂಪು ಹಡಗು ಸುಟ್ಟರೆ ಇನ್ನೊಂದನ್ನು ಕಳಿಸಿ. ಅದೇ ದಾರಿ, ಆಯುಧವಿಲ್ಲದೆ.’ ಎರಡನೆಯದು ಈಗ ನಿನ್ನ ಗಡಿಯಲ್ಲಿ ನಿಂತಿದೆ. ದಾಳ ಬೀಳುವ ಮೊದಲು ಮಾಸ್ತರಿಂದ ನಿನ್ನ ಹಳೆಯ ಕಾರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿಸುತ್ತೇನೆ. ನಿನ್ನ ಮಾತಿನ ಪರವಾಗಿ ನಾನು ವಾದಿಸುತ್ತೇನೆ. ಅವರು ಒಪ್ಪದಿದ್ದರೆ ಮೂರನೆಯ ಹಡಗು ಹೊರಡುತ್ತದೆ.

ನೀನೂ ಅಲ್ಲಿರಬೇಕು, ವಾಸಣ್ಣ. ಸಾಗರ, ಮಾಸ್ತರ ಮನೆ ಜಗಲಿ, ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.