ಎರಡು ಕೆಜಿ ಎಲ್ಲಿ ಹೋಯಿತು?

ಶ್ರೀನಿವಾಸಪುರ
9 ಜೂನ್ 2024

ಪ್ರೀತಿಯ ಅನಿಲೂ,

ಹೇಗಿದ್ದೀಯೋ? ರಾಯಚೂರಿನ ಬಿಸಿಲಿಗೆ ನಿನಗೆ ಮತ್ತೆ ಮೂಗಿನಲ್ಲಿ ರಕ್ತ ಬಂತೆಂದು ಅಮ್ಮ ಹೇಳಿದಳು. ಮಜ್ಜಿಗೆ ಕುಡಿ, ಕಾಲೇಜಿನ ಹುಡುಗರ ಮೇಲೆ ಕಿರುಚಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನಿದ್ದೂ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು ಮಾತು ತೇಲಿಸುತ್ತೀಯ, ಅಮ್ಮ ಪಕ್ಕದಲ್ಲೇ ಕಿವಿಯಿಟ್ಟು ಕೂತಿರುತ್ತಾಳೆ.

ನೀನು ನಮ್ಮ ಮಾವು ಬೆಳೆಗಾರರ ಸಂಘಕ್ಕೆ ಪುಕ್ಕಟೆಯಾಗಿ ಬರೆದುಕೊಟ್ಟ ತೂಕದ ಸಾಫ್ಟ್‌ವೇರನ್ನು ಈ ಸಲ ಹಾಕಿಸಿದೆವು. ಕಾಯಿ ತಕ್ಕಡಿಗಿಟ್ಟರೆ ಚೀಟಿ ತಾನಾಗಿಯೇ ಬರುತ್ತದೆ. ಮೊದಲ ದಿನವೇ ಆವಲಮ್ಮನ ಕಾಯಿ ತಕ್ಕಡಿಯಲ್ಲಿ ಐವತ್ತು ಕೆಜಿ, ಚೀಟಿಯಲ್ಲಿ ನಲವತ್ತೆಂಟು. "ಏಮ್ಮಾ ಪದ್ಮಾ, ಎಲ್ಡು ಕೆಜಿ ಎಲ್ಲೋಯ್ತು? ನಿಮಗಿಂತ ಮಂಡಿಯೋರೇ ವಾಸಿ, ಅವ್ರು ಹೇಳಾದ್ರೂ ಮುರೀತಾರೆ" ಎಂದು ಎಲ್ಲರೆದುರು ಕೂಗಾಡಿದಳು. ನನಗೆ ತಲೆ ಎತ್ತಲಾಗಲಿಲ್ಲ.

ನನಗೆ ಅನುಮಾನ ಬಂದದ್ದು ಅದನ್ನು ಹಾಕಿಕೊಟ್ಟ ಕಂಪ್ಯೂಟರ್ ಅಂಗಡಿಯ ಸುರೇಶನ ಮೇಲೆ. ನೀನು ಬರೆದ ಕೋಡ್ ಇಂಟರ್‌ನೆಟ್ಟಿನಲ್ಲಿ ಬಿಚ್ಚಿಟ್ಟಿದೆ, ಯಾರು ಬೇಕಾದರೂ ಓದಬಹುದು. ಆದರೆ ಸಂಘದ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತಿದ್ದದ್ದು ಅವನು ಅದನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡಿ ಪೆನ್‌ಡ್ರೈವಿನಲ್ಲಿ ತಂದ ಪ್ಯಾಕೇಜು. ಅದರೊಳಗೆ ಏನಿದೆ ಎಂದು ಓದಿ ನೋಡಲಾಗುವುದಿಲ್ಲ. ರಾಗಿ ನಮ್ಮದೇ ಇರಬಹುದು, ಹಿಟ್ಟು ಯಾರದೋ! ಅಮ್ಮ ಇಂದಿಗೂ ಹಿಟ್ಟಿನ ಮಿಷನ್ನಿನ ಬಾಯಿಗೆ ತಾನೇ ಚೀಲ ಹಿಡಿಯುತ್ತಾಳಲ್ಲ, ನಾನು ಅವಳ ಮಗಳೇ. ಅದೂ ಅಲ್ಲದೆ ಸುರೇಶನ ಸೋದರಮಾವನದು ಹಣ್ಣಿನ ಮಂಡಿ. ಕೇಳಿದರೆ, "ನಿಮ್ಮ ತಮ್ಮ ಬರ್ದಿದ್ದನ್ನ ಹಂಗೇ ಕಟ್ಟಿದೀನಕ್ಕಾ, ಒಂದಕ್ಷರ ಮುಟ್ಟಿಲ್ಲ" ಎಂದು ಬೆವರು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಇನ್ನು ಸಂಘದ ಬಾಗಿಲಿಗೆ ಬರಬೇಡ ಎಂದುಬಿಟ್ಟೆ.

ನಿನ್ನೆ ನಾನೇ ನಿನ್ನ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು ಕೂತೆ. ಅಬ್ಬಾ, ಅದರ ಗೋಳೇ! ಇದಿಲ್ಲ, ಅದಿಲ್ಲ ಎನ್ನುತ್ತದೆ. ಒಂದು ತಂದುಕೊಟ್ಟರೆ ಇನ್ನೊಂದು ಕೇಳುತ್ತದೆ, ಗಂಡಿನ ಕಡೆ ಬೀಗರ ಹಾಗೆ. ಒಲೆಯ ಮೇಲಿನ ಹುರುಳಿ ಸಾರು ಸೀದು ಹೋಯಿತು. ಕೊನೆಗೂ ಓಡಿತು. ಕಾಯಿ ಇಟ್ಟೆ. ತಕ್ಕಡಿಯಲ್ಲಿ ಐವತ್ತು, ಚೀಟಿಯಲ್ಲಿ ಮತ್ತೆ ನಲವತ್ತೆಂಟು. ಆಮೇಲೆ ನೀನು ಬರೆದದ್ದನ್ನು ಓದಲು ಕೂತೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಅಮ್ಮನ ಆಶೀರ್ವಾದ ನಿನ್ನ ತಲೆ ಕಾಯಲಿ.

ನಿನ್ನ ಅಕ್ಕ,
ಪದ್ಮಶ್ರೀ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ಅನಿಲೂ, ಇಂಗ್ಲಿಷ್ ಅಕ್ಷರದಲ್ಲಿ 'ತರುಗು' ಎಂದು ಬರೆದು ನೂರಕ್ಕೆ ನಾಲ್ಕು ಮುರಿದವನು ನೀನೇ. ಕಾಯಿ ಬಾಡುತ್ತದೆಂದು ಮಂಡಿಯವರು ಮುಂಚೆಯೇ ಮುರಿದುಕೊಳ್ಳುವ ಅದೇ ತರುಗು! ಲೋಕವೆಲ್ಲ ಓದಿದರೂ ನಮ್ಮ ಕಡೆಯವರಲ್ಲದೆ ಯಾರಿಗೆ ತಿಳಿಯಬೇಕು? ಅದನ್ನು ತಪ್ಪಿಸಲೆಂದೇ ಸಂಘ ಕಟ್ಟಿದ್ದಲ್ಲವೇನೋ? ಯಾರಾದರೂ ಹೇಳಿ ಹಾಕಿಸಿದರಾ? ಇಲ್ಲ, ಅಪ್ಪನ ಹಿಂದೆ ಮಂಡಿಗೆ ಹೋಗಿ ಹೋಗಿ, ತೂಕ ಎಂದರೆ ಅಷ್ಟು ಮುರಿಯಲೇಬೇಕು ಎಂದುಕೊಂಡೆಯಾ? ನಾನೀಗ ತಪ್ಪಾಯಿತೆನ್ನಲು ಸುರೇಶನ ಅಂಗಡಿಗೆ ಹೋಗಬೇಕು. ನಮ್ಮ ಮನೆಯವನೇ ಕಳ್ಳ ಎನ್ನಲೋ, ದಡ್ಡ ಎನ್ನಲೋ? ದಡ್ಡ ಎಂದೇ ಬರೆಯೋ, ನಿನ್ನ ದಮ್ಮಯ್ಯ.