ನನ್ನ ಹೆಂಡತಿಯ ಎದೆನೋವಿಗೆ ನಾನು ಕೊಟ್ಟ ಉತ್ತರ

ಹೃದ್ರೋಗ ಸಮೀಕ್ಷೆಯ ಮುಖ್ಯಾಧಿಕಾರಿಗಳೇ,

ಅರಸೀಕೆರೆ, ಬೇಲೂರು ಸೀಮೆಯ ಹೆಂಗಸರಲ್ಲಿ ಎದೆನೋವು ವಿರಳ ಎನ್ನುತ್ತದೆ ತಮ್ಮ ವರದಿ. ಅದನ್ನೇ ನೆಚ್ಚಿಕೊಂಡು, ಇಲ್ಲಿಗೆ ಬರಬೇಕಿದ್ದ ಮಹಿಳಾ ಹೃದಯ ತಪಾಸಣಾ ಘಟಕವನ್ನು ತಾವು ಕೈಬಿಟ್ಟಿದ್ದೀರಿ. ಮಾನ್ಯರೇ, ಆ ವರದಿ ಸುಳ್ಳು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಅದರೊಳಗಿನ ಒಂದು ಸುಳ್ಳು ನನ್ನದೇ.

ಕಳೆದ ವರ್ಷ ತಮ್ಮ ಕಡೆಯ ಶಶಿಕಿರಣ್ ಎಂಬುವರು ಟ್ಯಾಬ್ ಹಿಡಿದು ನಮ್ಮ ಮನೆಗೆ ಬಂದರು. ಸಭ್ಯರು, ಜಗಲಿ ದಾಟಲಿಲ್ಲ. "ಯಜಮಾನ್ರೇ, ನಿಮ್ಮ ಮನೆಯವರಿಗೆ ಎದೆನೋವು, ಸುಸ್ತು ಏನಾದ್ರೂ ಇದ್ಯಾ?" ಎಂದರು. "ಏನೂ ಇಲ್ಲ ಕಣ್ರೀ, ಗುಂಡುಕಲ್ಲಿನ ಹಾಗಿದ್ದಾಳೆ" ಎಂದೆ. ಅವರು 'ಇಲ್ಲ' ಒತ್ತಿದರು. ಐವತ್ತೆಂಟು ವರ್ಷದ ನನ್ನ ಹೆಂಡತಿ ರಮಾಮಣಿ ಕಾಫಿ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಳು. ಲೋಟ ಕೊಟ್ಟಳು, ಒಳಗೆ ಹೋದಳು. ಹೆಂಗಸಿನ ಹೃದಯದ ಸಂಶೋಧನೆ ಅಲ್ಲಿಗೆ ಸಂಪನ್ನವಾಯಿತು! ಗಂಡಸರ ಬಾಯಿಂದ ಹೆಂಗಸರ ನೋವು ಅಳೆಯುವ ಈ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ? ಎಷ್ಟು ಮನೆಗಳಲ್ಲಿ ಹೆಂಗಸರನ್ನೇ ಕರೆದು ಕೇಳಿದ್ದೀರಿ?

ಅಷ್ಟು ಹೊತ್ತಿಗಾಗಲೇ ಅವಳಿಗೆ ದವಡೆ ಜಗ್ಗುತ್ತಿತ್ತು, ಬೆನ್ನು ಹಿಡಿಯುತ್ತಿತ್ತು. ಮಾಲೇಕಲ್ಲು ಬೆಟ್ಟದ ದೇವಸ್ಥಾನದ ಮೆಟ್ಟಿಲಲ್ಲಿ ಬೆವತು ಕೂತವಳಿಗೆ, "ಶನಿವಾರದ ಉಪವಾಸ, ಪಿತ್ತ ಕಣೇ" ಎಂದಿದ್ದೆ. ಆಸ್ಪತ್ರೆಯಲ್ಲೂ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಏನಾಗಿದೆ ಎಂದು ವೈದ್ಯರು ನನ್ನನ್ನು ಕೇಳಿದರು. ಗ್ಯಾಸ್ ಇರಬೇಕು ಎಂದೆ. ಅದಕ್ಕೇ ಮಾತ್ರೆ ಬರೆದರು. ಮೂರು ತಿಂಗಳ ಮೇಲೆ ಹಾಸನದಲ್ಲಿ ಗೊತ್ತಾಯಿತು, ರಕ್ತ ಸಾಲದೆ ಹೃದಯದ ಒಂದು ಭಾಗ ಸತ್ತೇ ಹೋಗಿದೆ ಎಂದು. ದೊಡ್ಡ ರಕ್ತನಾಳಗಳು ಸರಿಯಿವೆ, ತೊಂದರೆ ಇರುವುದು ಸಣ್ಣವುಗಳಲ್ಲಿ, ಹೆಂಗಸರಲ್ಲೇ ಇದು ಹೆಚ್ಚು, ಆದರೆ ಅವರ ಮೇಲೆ ಅಧ್ಯಯನ ಸಾಲದು ಎಂದರು ಅಲ್ಲಿನ ವೈದ್ಯರು. ಅಧ್ಯಯನಕ್ಕೆ ಬಂದವರನ್ನು ನಾನು ಕಾಫಿ ಕೊಟ್ಟು ಕಳಿಸಿದ್ದೆ.

"ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?" ಎಂದು ಅವಳನ್ನು ಕೇಳಿದೆ. "ನೀವು ಹೇಳಿ ಆಗಿತ್ತಲ್ಲ. ಹೊರಗಿನವರ ಮುಂದೆ ನಿಮ್ಮ ಮಾತು ಸುಳ್ಳು ಮಾಡೋದಾ?" ಎಂದಳು. ಮೂವತ್ತಾರು ವರ್ಷ ಸಂಸಾರ ಮಾಡಿದ್ದೇನೆ ಸ್ವಾಮಿ. ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಈಗ ಹತ್ತು ಹೆಜ್ಜೆ ಇಟ್ಟರೆ ಅವಳಿಗೆ ಏದುಸಿರು. ಹಾಗೇ ಕೈಹಿಡಿದು ಹಾಸನದ ಬಸ್ಸು ಹತ್ತಿಸುತ್ತೇನೆ. ಕಣಕಟ್ಟೆಯ ಮಾದಮ್ಮನವರೂ ಎದೆನೋವಿಗೆ ತೋರಿಸಲೆಂದು ಅದೇ ಬಸ್ಸಿಗೆ ಬರುತ್ತಾರೆ. "ನಮ್ಮನೇಗೂ ಬಂದಿದ್ರು ಕಣಪ್ಪ. ನಮ್ ಯಜಮಾನ್ರು ಏನೂ ಇಲ್ಲ ಅಂದ್ಬುಟ್ರು. ನೋವು ಆವಾಗ್ಲೇ ಇತ್ತು, ಈಗ್ಲೂ ಐತೆ" ಎಂದರು.

ಆ ವರದಿಯನ್ನು ಹಿಂಪಡೆಯಿರಿ. ಪ್ರಶ್ನೆ ಕೇಳಲು ಹೆಂಗಸರನ್ನು ಕಳಿಸಿ. ಅವರು ನೇರ ಅಡುಗೆಮನೆಗೆ ಹೋಗಲಿ, ನಮ್ಮಂಥವರನ್ನು ಹೊರಗೆ ಕೂರಿಸಲಿ. ಬೆನ್ನು, ದವಡೆ, ಉಸಿರು, ಒಂದೂ ಬಿಡದೆ ವಿಚಾರಿಸಲಿ. ಘಟಕವನ್ನು ಇಲ್ಲಿಗೇ ತನ್ನಿ. ಕೈಮುಗಿದು ಬೇಡುತ್ತೇನೆ, ಬೇಗ ಬನ್ನಿ. ರಮಾಮಣಿ ಈ ಸಲ ತಾನೇ ಹೇಳುತ್ತೇನೆ ಎಂದಿದ್ದಾಳೆ. ತಾವು ತಡಮಾಡಿದರೆ ಅವಳ ಬಗ್ಗೆ ಮತ್ತೆ ನಾನೇ ಉತ್ತರ ಕೊಡಬೇಕಾಗುತ್ತದೆ.

ಇಂತಿ,
ತಮ್ಮ ವರದಿ ಯಾರ ಮಾತು ನಂಬಿತೋ ಆ ಯಜಮಾನರಲ್ಲೊಬ್ಬ,
ಯೋಗನರಸಿಂಹ
ನಿವೃತ್ತ ಗುಮಾಸ್ತ, ಅರಸೀಕೆರೆ